ಪದಚರ್ಚೆ: ‘ಬೋಲ್ಟ್ ತೆಗೆದು ಹಾಕಿ’ ಅಂದರೆ ಏನು ಮಾಡಬೇಕು?

ಗೆಳೆಯರೆ,

ಒಂದು ಖಾಲಿ ಜಾಗದ ಬಗ್ಗೆ ಕೇಳುವುದಿದೆ. ‘ತೆಗೆದು’ ಮತ್ತು ‘ಹಾಕಿ’ ಇವೆರಡರ ನಡುವಿನ ಜಾಗ.

ನಮ್ಮ ಭಾವ ಇರುವುದು ಕುಂದಾಪುರದಲ್ಲಿ. ಕಾರಿನ ಕೆಲಸವನ್ನು ಆದಷ್ಟು ಮನೆಯಂಗಳದಲ್ಲೇ ಮುಗಿಸಿಕೊಳ್ಳುವ ಜಾಯಮಾನ. ಕಳೆದ ಮಳೆಗಾಲಕ್ಕೆ ಮುಂಚೆ ಮುಂದಿನ ಎರಡೂ ಲೋವರ್ ಆರ್ಮ್, ಅಂದರೆ ಚಕ್ರವನ್ನು ಕಾರಿನ ಅಡಿಗೆ ಜೋಡಿಸುವ ತೋಳು, ತಾವೇ ಕೂರಿಸಲು ಹೊರಟರು. ಸರ್ವಿಸ್ ಪುಸ್ತಕ ಇಂಗ್ಲಿಷಿನಲ್ಲಿತ್ತು, ಸಾರ ಇಷ್ಟೇ ಅಂತ ಕನ್ನಡದಲ್ಲಿ ಬರೆದು ಕಳಿಸು ಅಂದರು. ನಾನು ಮೈಸೂರಿನಲ್ಲಿ ಕೂತು ಒಂದು ಪುಟ ಟೈಪ್ ಮಾಡಿ ವಾಟ್ಸಾಪಿಗೆ ಹಾಕಿದೆ. ಅದರಲ್ಲೊಂದು ಸಾಲು: ‘ಆರ್ಮನ್ನು ಸಬ್‌ಫ್ರೇಮಿಗೆ ಹಿಡಿದಿರುವ ಬೋಲ್ಟುಗಳನ್ನು ತೆಗೆದು ಹಾಕಿ.’ (ಸಬ್‌ಫ್ರೇಮ್ ಅಂದರೆ ಕಾರಿನ ಅಡಿಯ ಉಕ್ಕಿನ ಚೌಕಟ್ಟು.) ‘ಹೊಸದು’ ಎಂಬ ಪದ ಎಲ್ಲೂ ಬರೆದಿರಲಿಲ್ಲ. ತೆಗೆದುಹಾಕಿದ ಮೇಲೆ ಹೊಸದಲ್ಲದೆ ಇನ್ನೇನು ತೊಡಿಸುತ್ತಾರೆ ಎಂಬ ಧೈರ್ಯ.

ಹಬ್ಬಕ್ಕೆ ಹೋದಾಗ ಬ್ರೇಕ್ ಒತ್ತಿದರೆ ಕೆಳಗಿನಿಂದ ‘ಟಕ್’ ಅನ್ನುತ್ತಿತ್ತು. ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಕೆಳಗೆ ಮಲಗಿ ನೋಡಿದೆ. ಆರ್ಮ್ ಕಪ್ಪಗೆ ಮಿರಮಿರ ಮಿನುಗುತ್ತಿದೆ, ಬೋಲ್ಟಿನ ತಲೆಗಳು ಮಾತ್ರ ತುಕ್ಕುಗೆಂಪು. ಆರು ಮೂಲೆಗಳಲ್ಲಿ ಸ್ಪ್ಯಾನರ್ ಕಚ್ಚಿದ ಕಡೆಯಷ್ಟೇ ಬೆಳ್ಳಗೆ. ಒಂದಂತೂ ಒಂದೇ ಕೈಯಲ್ಲಿ ತಿರುಗಿತು. “ಭಾವ, ಇವು ಹಳೇವಲ್ವಾ?” ಅಂದೆ. “ಬರೆದದ್ದು ನೀನೇ ಅಲ್ವಾ ಮಾರಾಯ? ತೆಗ್ದೆ, ಹಾಕ್ದೆ” ಅಂದರು.

ತಪ್ಪು ಅವರದಲ್ಲ ಅನ್ನುವುದು ನನ್ನ ತೀರ್ಮಾನ. ಕನ್ನಡದಲ್ಲಿ ‘ಹಾಕು’ ಎರಡು ಕೆಲಸ ಮಾಡುತ್ತದೆ. ಸ್ವಂತ ಬಲದಲ್ಲಿ ನಿಂತರೆ ‘ಇಡು, ತೊಡಿಸು’. ಇನ್ನೊಂದು ಕ್ರಿಯೆಯ ಬೆನ್ನಿಗೆ ಅಂಟಿದರೆ ಆ ಕೆಲಸ ಮುಗಿದೇ ಹೋಯಿತು ಎಂಬ ಮುದ್ರೆ: ಸುಟ್ಟುಹಾಕು, ಅಳಿಸಿಹಾಕು, ತಿಂದುಹಾಕು. ‘ತೆಗೆದುಹಾಕು’ ಈ ಎರಡನೆಯ ಸಾಲಿಗೆ ಸೇರಿದ್ದು. ‘ತೆಗೆದು ಹಾಕು’ ಬಿಡಿಸಿದರೆ ತೆಗೆ, ಮತ್ತೆ ಹಾಕು. ಬಾಯಿಮಾತಿನಲ್ಲಿ ಗೊಂದಲ ಕಡಿಮೆ. ಎಸೆಯುವುದಾದರೆ ‘ತೆಗ್ದಾಕಿ’ ಅಂತ ಒಂದೇ ಉಸಿರಿಗೆ ಬರುತ್ತದೆ, ಮರಳಿ ಹಾಕುವುದಾದರೆ ‘ತೆಗ್ದು’ ಆದಮೇಲೆ ನಾಲಿಗೆ ಒಂದು ಕ್ಷಣ ನಿಲ್ಲುತ್ತದೆ. ಬರಹದಲ್ಲಿ ಈ ನಿಲುಗಡೆಯ ಭಾರವನ್ನೆಲ್ಲ ಆ ಒಂದು ಖಾಲಿ ಜಾಗ ಹೊರಬೇಕು. ಅದೋ, ಟೈಪ್ ಮಾಡುವವನ ಹೆಬ್ಬೆರಳಿನ ಮರ್ಜಿ. ನಡುವೆ ಒಂದು ಪದ ತೂರಿಸಿ ನೋಡುವುದು ಒಳ್ಳೆಯ ಪರೀಕ್ಷೆ: ‘ತೆಗೆದು ಒರೆಸಿ ಹಾಕಿ’ ಅಂದಕೂಡಲೇ ಎಸೆಯುವ ಅರ್ಥ ಸತ್ತುಹೋಗುತ್ತದೆ.

ಇಷ್ಟು ಕೂದಲು ಸೀಳುವುದು ಯಾಕೆ ಅಂದರೆ, ಇಲ್ಲಿ ಎರಡೂ ಅರ್ಥಗಳು ನಿಜವಾಗಿ ಬೇಕು. ಎಲ್ಲ ಬೋಲ್ಟೂ ಎಸೆಯುವಂಥದ್ದಲ್ಲ. ಪುಸ್ತಕದಲ್ಲಿ ಬರೀ ಟಾರ್ಕ್ ಸಂಖ್ಯೆ, ಅಂದರೆ ಎಷ್ಟು ಬಲ ಹಾಕಿ ತಿರುಗಿಸಬೇಕು ಎಂಬುದು, ಇದ್ದು, ‘ಹೊಸದನ್ನೇ ಹಾಕಿ’ ಎಂಬ ಸೂಚನೆ ಇಲ್ಲದಿದ್ದರೆ, ಥ್ರೆಡ್ ಚೆನ್ನಾಗಿದ್ದು ತುಕ್ಕು ಹಿಡಿಯದ ಬೋಲ್ಟನ್ನು ಒರೆಸಿ ಮತ್ತೆ ಹಾಕುವುದು ವಾಡಿಕೆ. ‘ಇಷ್ಟು ನ್ಯೂಟನ್ ಮೀಟರ್, ಆಮೇಲೆ ಇನ್ನೂ 90 ಡಿಗ್ರಿ’ ಅಂತಿದ್ದರೆ ಕಥೆ ಬೇರೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಪುಸ್ತಕಗಳಲ್ಲಿ ಸಸ್ಪೆನ್ಷನ್, ಸಬ್‌ಫ್ರೇಮ್ ಬೋಲ್ಟುಗಳಿಗೆ ಇಂಥ ಬರಹ ಮಾಮೂಲು, ಪಕ್ಕದಲ್ಲೇ ‘ಹೊಸದನ್ನೇ ಹಾಕಿ’ ಎಂದೂ ಇರುತ್ತದೆ. ಇಂಥ ಬೋಲ್ಟುಗಳಲ್ಲಿ ಎಷ್ಟೋ, ಆ ಕೊನೆಯ ಕಾಲು ಸುತ್ತಿನಲ್ಲಿ ಮತ್ತೆ ಕುಗ್ಗದ ಹಂತದವರೆಗೂ ಉದ್ದವಾಗುತ್ತವೆ. ಹಾಗೆ ಉದ್ದವಾದ ಹಳೆಯದನ್ನೂ ಹೊಸದನ್ನೂ ಥ್ರೆಡ್ಡಿಗೆ ಥ್ರೆಡ್ ಕೂರಿಸಿ ಬೆಳಕಿಗೆ ಹಿಡಿದರೆ, ಆರಂಭದಲ್ಲಿ ಹಲ್ಲು ಕಚ್ಚಿದಂತೆ ಕೂತು ಮುಂದೆ ಮುಂದೆ ಸಂದು ಕಾಣುತ್ತದೆ. ಭಾವನಿಗೆ ಹಾಗೇ ತೋರಿಸಿದೆ. ಮಾತಾಡಲಿಲ್ಲ. ಮರುದಿನ ಬೆಳಿಗ್ಗೆಯೇ ಸ್ಪೇರ್ ಅಂಗಡಿಗೆ ಹೋಗಿ ತಂದರು. ಹಾಕಿದ ಮೇಲೆ ಟಕ್ ನಿಂತಿತು.

ತುಕ್ಕಿನದು ಇನ್ನೊಂದು ಪಾಠ. ನಾವು ಸ್ಪ್ಯಾನರಿಗೆ ಹಾಕುವ ಟಾರ್ಕಿನಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲಷ್ಟೇ ಬೋಲ್ಟನ್ನು ಎಳೆದು ಹಿಡಿತ ಕೊಡುವುದು. ಮಿಕ್ಕದ್ದು ತಲೆಯ ಕೆಳಗೂ ಥ್ರೆಡ್ಡಿನಲ್ಲೂ ಉಜ್ಜಾಟಕ್ಕೆ ಹೋಗುತ್ತದೆ. ಥ್ರೆಡ್ಡಿನಲ್ಲಿ ಕಡಲ ಗಾಳಿಯ ತುಕ್ಕು ಕೂತಿದ್ದರೆ ಟಾರ್ಕ್ ರೆಂಚ್ ‘ಕ್ಲಿಕ್’ ಅನ್ನುತ್ತದೆ, ಹಿಡಿತ ಮಾತ್ರ ಇರುವುದಿಲ್ಲ. ಕನ್ನಡದಲ್ಲಿ ಎರಡಕ್ಕೂ ನಾವು ‘ಬಿಗಿ’ ಅನ್ನುತ್ತೇವೆ. ತಿರುಗಿಸುವ ಕೈಗೆ ಗೊತ್ತಾಗುವುದನ್ನು ‘ಬಿಗಿ’ ಅಂತಲೂ, ಎರಡು ಕಬ್ಬಿಣ ಒಂದನ್ನೊಂದು ಬಿಡದೆ ಇರುವುದನ್ನು ‘ಹಿಡಿತ’ ಅಂತಲೂ ಬೇರೆ ಮಾಡಿದರೆ ಹೇಗೆ? ‘ಬಿಗಿ ಇದೆ, ಹಿಡಿತ ಇಲ್ಲ’ ಅಂದರೆ ನನಗಂತೂ ಪೂರಾ ಅರ್ಥವಾಗುತ್ತದೆ.

ಹಾಗಾದರೆ ‘ಬದಲಿಸಿ’ ಅನ್ನಬಹುದಿತ್ತಲ್ಲ ಎನ್ನುತ್ತೀರಿ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದರೂ ಬದಲಿಸಿದಂತೆಯೇ. ಟಯರ್ ವಿಚಾರದಲ್ಲಿ ನಾವು ಹಾಗೇ ಅನ್ನುವುದು. ‘ಬದಲಿ ಬೋಲ್ಟ್’ ಅಂತೂ ಬೇಡ, ರಜೆ ಹಾಕಿದ ಡ್ರೈವರ್ ಜಾಗಕ್ಕೆ ಬಂದ ಬದಲಿ ಡ್ರೈವರಿನಂತೆ ಅಸಲಿಯಲ್ಲ ಎಂಬ ವಾಸನೆ ಬಡಿಯುತ್ತದೆ. ತಲೆಯ ಮೇಲೆ 10.9 ಎಂದು ಬಲದ ಗುರುತಿರುವ ಬೋಲ್ಟಿನ ಜಾಗಕ್ಕೆ ಹಾರ್ಡ್‌ವೇರ್ ಅಂಗಡಿಯಿಂದ ಅದಕ್ಕಿಂತ ಕಡಿಮೆ ಬಲದ 8.8 ತಂದು ಸಿಗಿಸಿದರೆ ಅದು ಸರಿಯಾಗಿ ‘ಬದಲಿ ಬೋಲ್ಟ್’. ‘ಮರುಬಳಕೆ ಮಾಡಬೇಡಿ’ ವ್ಯಾಕರಣಕ್ಕೆ ಸರಿ, ಆದರೆ ಪ್ಲಾಸ್ಟಿಕ್ ಕವರ್ ಬಗ್ಗೆ ಪಾಲಿಕೆಯವರು ಬರೆಸಿದ ಫಲಕದ ಹಾಗೆ ಕೇಳುತ್ತದೆ.

ತಲೆಯ ಮೇಲಿನ ಆ 10.9ರಲ್ಲೂ ಒಂದು ಪದದ ತೊಡಕಿದೆ. ಮೊದಲ ಸಂಖ್ಯೆ, ತನ್ನ ನೂರರಷ್ಟು, ಅಂದರೆ 1000 ಮೆಗಾಪ್ಯಾಸ್ಕಲ್‌ವರೆಗಿನ ಎಳೆತವನ್ನು ತುಂಡಾಗದೆ ತಡೆಯುವ ಉಕ್ಕು ಎನ್ನುತ್ತದೆ. ಎರಡನೆಯದು ಅದರ ಹತ್ತರಲ್ಲಿ ಒಂಬತ್ತು ಪಾಲು, ಅಂದರೆ 900ಕ್ಕೆ, ಎಳೆದದ್ದು ವಾಪಸ್ ಬಾರದ ಹಂತ ಎನ್ನುತ್ತದೆ. ಆ ಹಂತಕ್ಕೆ ಇಂಗ್ಲಿಷಿನವರು ಯೀಲ್ಡ್ ಅನ್ನುತ್ತಾರೆ. ಅನುವಾದದ ಯಂತ್ರಕ್ಕೆ ಕೊಟ್ಟೆ, ‘ಇಳುವರಿ’ ಅಂತ ಕೊಟ್ಟಿತು. ಎಕರೆಗೆ ಎಷ್ಟು ಬೋಲ್ಟು ಅಂತ ಕೇಳಬೇಕಾಯಿತು. ‘ಹಿಗ್ಗಿದ ಬೋಲ್ಟ್’ ಅನ್ನೋಣವೆಂದರೆ ಹಿಗ್ಗಿದ್ದು ಕುಗ್ಗುತ್ತದೆ ಎಂಬ ಭರವಸೆ ಆ ಪದದಲ್ಲೇ ಇದೆ. ‘ಜಗ್ಗಿದ ಬೋಲ್ಟ್’ ನನಗೆ ಇಷ್ಟ: ಜಗ್ಗಿದ ಮಂಚ ಮತ್ತೆ ಮೇಲೇಳುವುದಿಲ್ಲ. ಆದರೆ ಧಾರವಾಡದ ಕಡೆ ಜಗ್ಗುವುದೆಂದರೆ ಬರೀ ಎಳೆಯುವುದು.

ಹಳೆಯ ಮಾತಿನಲ್ಲಿ ಏನಿತ್ತು ಅಂತ ಹುಡುಕಿದರೆ ಎತ್ತಿನ ಗಾಡಿಯ ಕಡಾಣಿ ಸಿಗುತ್ತದೆ, ಜೇಡರ ದಾಸಿಮಯ್ಯನ ವಚನದಲ್ಲಿ ‘ಕಡೆಗೀಲು’ ಆಗಿ ಬರುವುದು. ಅಚ್ಚಿನ ತುದಿಗೆ ಅಡ್ಡ ನಿಂತು ಚಕ್ರ ಕಳಚದಂತೆ ತಡೆಯುವ ಕೀಲು. ಅಚ್ಚಿಗೆ ಎಣ್ಣೆ ಬಿಡುವಾಗೆಲ್ಲ ಅದನ್ನು ತೆಗೆದು ಹಾಕುತ್ತಿದ್ದರು, ಜಾಗ ಬಿಟ್ಟು ಬರೆದ ‘ತೆಗೆದು ಹಾಕು’. ಅದು ಅಡ್ಡ ನಿಲ್ಲುತ್ತದೆಯೇ ಹೊರತು ಬೋಲ್ಟಿನ ಹಾಗೆ ಮೈ ಎಳೆದುಕೊಂಡು ಹಿಡಿಯುವುದಿಲ್ಲ, ಹಾಗಾಗಿ ಕಳೆದುಹೋಗುವ ತನಕ ಬಾಳಿಕೆ. ಒಂದೇ ಸಲಕ್ಕೆ ಮುಗಿಯುವ ಕೀಲು ಎಂಬ ಕಲ್ಪನೆಗೆ ನಮ್ಮಲ್ಲಿ ಪದ ಹುಟ್ಟದಿರುವುದಕ್ಕೆ ಇದೇ ಕಾರಣವಿರಬಹುದೆಂದು ನನ್ನ ಊಹೆ.

ಪದ ಹುಟ್ಟಿಸಿದ್ದು ಭಾವನೇ. ಎರಡನೇ ಸಲ ಕೆಲಸ ಮಾಡುವಾಗ, ತಾನಾಗಿ ಸಡಿಲವಾಗದಂತೆ ಮಾಡಿದ ನೈಲಾಕ್ ನಟ್ಟಿನ ಒಳಗಿನ ನೈಲಾನ್ ಬಳೆ ತೋರಿಸಿ, ಒಮ್ಮೆ ಥ್ರೆಡ್ ಕೊರೆದುಕೊಂಡ ಮೇಲೆ ಇದರ ಹಿಡಿತ ಸಡಿಲ, ಇದೂ ಹೊಸದೇ ಆಗಬೇಕು, ತೂತಿಗೆ ತೂರಿಸಿ ಕಾಲು ಮಡಚುವ ಸ್ಪ್ಲಿಟ್ ಪಿನ್ ಕೂಡ ಅಂದೆ. “ಹಾಗಾದ್ರೆ ಇದು ಎಂಜಲು ನಟ್” ಅಂದರು. ಈಗ ಅವರ ಅಂಗಳದಲ್ಲಿ ಎರಡು ಡಬ್ಬಿ. ಒಂದರ ಮೇಲೆ ಮಾರ್ಕರಿನಲ್ಲಿ ‘ಒರೆಸಿ ಹಾಕುವುದು’, ಇನ್ನೊಂದರ ಮೇಲೆ ‘ಎಂಜಲು’.

ಕೇಳುವುದಿಷ್ಟು. ‘ತೆಗೆದು ಹಾಕು’ ಇಂಥ ಪೇಚಿಗೆ ಸಿಕ್ಕಿದ ಉದಾಹರಣೆ, ಅಡುಗೆಯದೋ ಹೊಲಿಗೆಯದೋ, ನಿಮ್ಮಲ್ಲಿದೆಯೇ? ಬಳ್ಳಾರಿ, ಹುಬ್ಬಳ್ಳಿ ಕಡೆಯ ಗ್ಯಾರೇಜುಗಳಲ್ಲಿ ಮತ್ತೆ ಹಾಕಬಾರದ ಬೋಲ್ಟಿಗೆ ಏನಾದರೂ ಅನ್ನುತ್ತಾರೆಯೇ? ಮತ್ತೆ, ಕೈಪಿಡಿಯಲ್ಲಿ ‘ಎಂಜಲು ಬೋಲ್ಟ್’ ಅಂತ ಅಚ್ಚು ಹಾಕಿಸಿದರೆ ನೀವು ಮೂಗು ಮುರಿಯುತ್ತೀರೋ?