ದೇವಿಮನೆ ಘಾಟಲ್ಲಿ ಎರಡೂ ಹೆಡ್‌ಲೈಟ್ ಮಿಣುಕ್ತಾ ಇದೆ, ಬ್ಯಾಟರಿ ಬಲ್ಬ್ ಎರಡೂ ಹೊಸದು, ಇನ್ನು ಎಂತ ನೋಡೂದು?

ತೋಟದದಾರಿ, ಶಿರಸಿ

ಎಲ್ಲರಿಗೂ ನಮಸ್ಕಾರ. ಗಾಡಿ 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1,10,000 ಕಿ.ಮೀ. ಆಗಿದೆ. ಹೋದ ವಾರ ರಾತ್ರಿ ತಂಗೀನ ಕುಮಟಾ ಸ್ಟೇಷನ್ನಿಗೆ ಬಿಡೋಕೆ ಹೊರಟಿದ್ದೆ, ದೇವಿಮನೆ ಘಾಟ್ ಇಳೀತಾ ಇರಬೇಕಾದ್ರೆ ಮಳೆ ಜೋರು, ಮಂಜು ಬೇರೆ, ಆವಾಗ ಶುರುವಾಯ್ತು, ಎರಡೂ ಹೆಡ್‌ಲೈಟ್ ಮಿಣಕ್ ಮಿಣಕ್ ಅಂತ, ಹೊಂಡಕ್ಕೆ ಚಕ್ರ ಇಳಿದ್ರೆ ಒಂದು ಕ್ಷಣ ಪೂರ್ತಿ ಕತ್ತಲೆ, ಮತ್ತೆ ಬರ್ತದೆ. ಒಂದು ತಿರುವಲ್ಲಿ ಎದುರಿಂದ ಲಾರಿ ಬರ್ತಾ ಇತ್ತು, ನಾನು ಡಿಮ್ ಡಿಪ್ ಕೊಟ್ಟೆ ಅಂತ ತಿಳ್ಕೊಂಡು ಅವನೂ ಕೊಟ್ಟ. ಹಿಂದಿನ ಸೀಟಲ್ಲಿ ತಂಗಿಯ ಮಗು ಮಲಗಿತ್ತು. ನೆನೆಸಿಕೊಂಡ್ರೆ ಈಗ್ಲೂ ಮೈ ಜುಂ ಅಂತದೆ.

ಮಾರನೇ ದಿನ ಗ್ಯಾರೇಜಿಗೆ ಹೋದೆ. ಬ್ಯಾಟರಿ ವೀಕ್ ಅಂದ್ರು, ಹೊಸದು ಹಾಕಿಸ್ದೆ. ಹೋಗ್ಲಿಲ್ಲ. ಬಲ್ಬ್ ಅಂದ್ರು, ಅದೂ ಹಾಕಿಸ್ದೆ (ಎರಡು ವರ್ಷದ ಹಿಂದೆ 100/90 ವ್ಯಾಟಿಂದು ಹಾಕಿಸಿದ್ದೆ, ಈಗ ವಾಪಸ್ ಮಾಮೂಲಿ 60/55). ಹೋಗ್ಲಿಲ್ಲ. ಈಗ ಡೈನಮೋ (ಎಂಜಿನ್ ಓಡುವಾಗ ಕರೆಂಟ್ ಮಾಡೋ ಆಲ್ಟರ್ನೇಟರ್) ಬದಲಿಸ್ಬೇಕು, ಎಂಟೊಂಬತ್ತು ಸಾವಿರ ಅಂತಾರೆ. ಇನ್ನೊಂದು, ಬಿಸಿಲು ಬಿದ್ದ ದಿನ ಅಷ್ಟು ಕಾಣೂದಿಲ್ಲ, ಮಳೆ ಬಂದ ದಿನ ಜಾಸ್ತಿ. ಹೋದ ಮಳೆಗಾಲದಲ್ಲಿ ಮಂಜಿಗೆ ಬೇಕು ಅಂತ ಹೊರಗಿನ ಫಾಗ್ ಲ್ಯಾಂಪ್ ಕೂಡ ಹಾಕಿಸಿದ್ದೆ, ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ ಗೊತ್ತಿಲ್ಲ. ಡೈನಮೋಗೆ ದುಡ್ಡು ಹಾಕೂದಾ ಬೇಡ್ವಾ, ತಿಳಿದವರು ಹೇಳಿ.

ಅಘನಾಶಿನಿ ದಂಡೆ, ಕುಮಟಾ

ನನ್ನ ಗಾಡಿಗೂ ಹಿಂಗೇ ಆಗಿತ್ತು, ನಾನು ಎಲ್‌ಇಡಿ ಹಾಕಿಸಿಬಿಟ್ಟೆ, ಕರೆಂಟ್ ಕಡಿಮೆ ಎಳೀತದೆ ಬೆಳಕೂ ಜಾಸ್ತಿ. ಡೈನಮೋ ಚೆಕ್ ಮಾಡೂದು ಸುಲಭ, ಎಂಜಿನ್ ಚಾಲೂ ಇದ್ದಾಗ್ಲೇ ಬ್ಯಾಟರಿ ಟರ್ಮಿನಲ್ ಒಂದು ತೆಗೀರಿ, ಎಂಜಿನ್ ಬಂದ್ ಆದ್ರೆ ಡೈನಮೋ ಹೋಗಿದೆ, ನಡೀತಾ ಇದ್ರೆ ಸರಿ ಅದೆ. ನಮ್ಮ ಕಡೆ ಎಲ್ಲರೂ ಹಂಗೇ ಮಾಡೂದು.

ಕೋಡಿಬಾಗ ವೈರಿಂಗ್, ಕಾರವಾರ

ಶಿರಸಿಯವರೆ, ಮೊದಲು ಒಂದು ಮಾತು, ಎಂಜಿನ್ ಚಾಲೂ ಇದ್ದಾಗ ದಯವಿಟ್ಟು ಬ್ಯಾಟರಿ ಟರ್ಮಿನಲ್ ತೆಗೀಬೇಡಿ. ಕುಮಟಾದವರು ಒಳ್ಳೇದಕ್ಕೇ ಹೇಳಿದ್ದು, ಹಳೇ ಕಾರ್ಬುರೇಟರ್ ಗಾಡಿ ಕಾಲದಲ್ಲಿ ಎಲ್ಲರೂ ಮಾಡ್ತಿದ್ರು, ನಾನೂ ಮಾಡಿದ್ದೇನೆ. ಆದ್ರೆ ಡೈನಮೋ ಕರೆಂಟ್ ಕೊಡ್ತಾ ಇರಬೇಕಾದ್ರೆ ಬ್ಯಾಟರಿ ತಪ್ಪಿಸಿದ್ರೆ ಅಷ್ಟೂ ಕರೆಂಟಿಗೆ ಹೋಗೋಕೆ ಜಾಗ ಇಲ್ಲ, ವೋಲ್ಟೇಜ್ ಒಂದೇ ಸಲ ಮೇಲೆ ಹಾರ್ತದೆ, ಇಸಿಯು (ಗಾಡಿಯ ಕಂಪ್ಯೂಟರ್) ಸುಡಬಹುದು, ಡೈನಮೋದ ಡಯೋಡೂ ಹೋಗಬಹುದು. ಚೆನ್ನಾಗಿದ್ದ ಡೈನಮೋ ಈ ಚೆಕ್ಕಿಂಗಲ್ಲೇ ಹಾಳಾದದ್ದು ಕಣ್ಣಾರೆ ನೋಡಿದ್ದೇನೆ.

ಎಲ್‌ಇಡಿ ವಿಷಯ, ಲೂಸ್ ಕಾಂಟ್ಯಾಕ್ಟ್ ಹಂಗೇ ಬಿಟ್ಟು ಎಲ್‌ಇಡಿ ಹಾಕಿದ್ರೆ ರೋಗ ಮುಚ್ಚಿಟ್ಟ ಹಾಗೆ. ಹ್ಯಾಲೊಜೆನ್ ರಿಫ್ಲೆಕ್ಟರಿಗೆ ಎಲ್‌ಇಡಿ ಬಲ್ಬ್ ತುರುಕಿದ್ರೆ ಬೆಳಕು ರಸ್ತೆಗೆ ಸರಿಯಾಗಿ ಬೀಳೂದಿಲ್ಲ, ಎದುರಿನವರ ಕಣ್ಣಿಗೆ ಬೀಳ್ತದೆ, ಘಾಟಲ್ಲಂತೂ ಅದು ಬೇಡವೇ ಬೇಡ. ಕೆಲವು ಗಾಡೀಲಿ ಎಲ್‌ಇಡಿಯೇ ಪಟಪಟ ಅಂತದೆ, ಯಾಕಂದ್ರೆ ಗಾಡಿ ಕಂಪ್ಯೂಟರ್ ಲೈಟಿಗೆ ಕರೆಂಟನ್ನ ತುಂಡು ತುಂಡು ಮಾಡಿ ಕಳಿಸ್ತದೆ, ಹ್ಯಾಲೊಜೆನ್ ತಂತಿ ಕಾದಿರೋದ್ರಿಂದ ಅದಕ್ಕೆ ಗೊತ್ತಾಗೂದಿಲ್ಲ, ಎಲ್‌ಇಡಿಗೆ ಗೊತ್ತಾಗ್ತದೆ.

ಈಗ ನಿಮ್ಮ ಗಾಡಿಗೆ ಬರೋಣ. ನೀವೇ ಅರ್ಧ ಉತ್ತರ ಕೊಟ್ಟಿದ್ದೀರಿ. ಎರಡೂ ಲೈಟ್ ಒಟ್ಟಿಗೆ ಮಿಣುಕಿದ್ರೆ ಬಲ್ಬ್ ಅಲ್ಲ, ಎರಡು ಬಲ್ಬ್ ಒಂದೇ ಗಳಿಗೆಗೆ ಕೆಡೂದಿಲ್ಲ, ಎರಡಕ್ಕೂ ಸೇರಿದ್ದು ಯಾವುದೋ ಕೈ ಕೊಡ್ತಾ ಅದೆ. ಹೊಂಡಕ್ಕೆ ಬಿದ್ದಾಗ ಕತ್ತಲೆ ಆದ್ರೆ ಡೈನಮೋ ಅಲ್ಲ, ಡೈನಮೋ ಸತ್ತರೂ ಬ್ಯಾಟರಿ ಇರ್ತದಲ್ಲ, ಲೈಟ್ ಮೆಲ್ಲಗೆ ಮಂಕಾಗ್ಬೇಕು, ತಟ್ಟನೆ ಹೋಗಿ ಬರೂದಿಲ್ಲ. ಮಳೇಲಿ ಜಾಸ್ತಿ ಅಂದ್ರೆ ನೀರು ಎಲ್ಲೋ ಜಾಯಿಂಟಿಗೆ ಇಳೀತಾ ಅದೆ. ನನ್ನ ಅನುಮಾನ ಬಾಡಿ ಅರ್ಥ್ ಮೇಲೆ, ಅಂದ್ರೆ ಕರೆಂಟು ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗೋಕೆ ವೈರನ್ನ ಗಾಡಿ ಬಾಡಿಗೆ ಬೋಲ್ಟ್ ಹಾಕಿದ ಜಾಗ. ಕಾರವಾರದಲ್ಲಿ ಸಮುದ್ರದ ಉಪ್ಪು ಗಾಳಿಗೆ ಅರ್ಥ್ ಬೋಲ್ಟು ನಾಲ್ಕೈದು ವರ್ಷದಲ್ಲಿ ಕಿಲುಬು ಹಿಡೀತದೆ, ಶಿರಸೀಲಿ ಉಪ್ಪಿಲ್ಲದಿದ್ರೂ ಜೂನಿಂದ ಸೆಪ್ಟೆಂಬರ್ ತನಕ ಶೆಡ್ಡಲ್ಲಿ ನಿಂತ ಗಾಡಿ ಒಣಗೂದೇ ಇಲ್ಲ, ಅಲ್ದಾ.

ಒಂದು ಮಲ್ಟಿಮೀಟರ್ ತಗೊಳ್ಳಿ, ಮೂರ್ನಾಲ್ಕು ನೂರಕ್ಕೆ ಸಿಗ್ತದೆ. 20 ವೋಲ್ಟ್ ಡಿಸಿಯಲ್ಲಿಡಿ. ಎಂಜಿನ್ ಬಂದ್ ಮಾಡಿ ಒಂದೆರಡು ಗಂಟೆ ಬಿಟ್ಟು ಬ್ಯಾಟರಿ ನೋಡಿ, 12.4ರಿಂದ 12.7 ಇರಬೇಕು. ಚಾಲೂ ಮಾಡಿ ನೋಡಿ, 13.8ರಿಂದ 14.5 ಬಂದ್ರೆ ಡೈನಮೋ ಕೆಲಸ ಮಾಡ್ತಾ ಅದೆ ಅಂತ ಅರ್ಥ. ರೇಸ್ ಕೊಟ್ಟಾಗ 15 ದಾಟಿದ್ರೆ ವೋಲ್ಟೇಜ್ ಹಿಡಿತದಲ್ಲಿಡೋ ರೆಗ್ಯುಲೇಟರ್ ಹೋಗಿದೆ, ಅದು ಬಲ್ಬು ಬ್ಯಾಟರಿ ಎರಡನ್ನೂ ತಿಂತದೆ. (ಹೊಸ ಬಿಎಸ್6 ಗಾಡಿ ಕೆಲವಲ್ಲಿ ಕಂಪ್ಯೂಟರೇ ವೋಲ್ಟೇಜ್ ಏರಿಸಿ ಇಳಿಸ್ತದೆ, 12.8 ಕಂಡ್ರೂ ಹೆದರಬೇಡಿ. ನಿಮ್ಮದು ಹಳೇದು, ಅದಕ್ಕೆ ಇದು ಅನ್ವಯ ಆಗೂದಿಲ್ಲ.)

ಈಗ ಮುಖ್ಯವಾದದ್ದು, ಗ್ಯಾರೇಜಲ್ಲಿ ಹೆಚ್ಚಿನವರು ಮಾಡದೆ ಬಿಡೋದು ಇದನ್ನೇ. ಎಂಜಿನ್ ಚಾಲೂ, ಹೆಡ್‌ಲೈಟ್, ಫಾಗ್ ಲ್ಯಾಂಪ್, ವೈಪರ್ ಎಲ್ಲ ಹಾಕಿ, ಮಳೇಲಿ ಓಡಿಸಿದ ಹಾಗೇ ಲೋಡ್ ಇರಬೇಕು. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿ ಮೈನಸ್ಸಿಗೆ. ಕೆಂಪು ಕಡ್ಡೀನ ಬಲ್ಬ್ ಕಪ್ಲರ್ (ಬಲ್ಬಿಗೆ ಸಿಕ್ಕಿಸೋ ಪ್ಲಗ್ಗು) ಹಿಂದಿನಿಂದ ಅರ್ಥ್ ಪಿನ್ನಿಗೆ ತಾಗಿಸಿ, ಕಪ್ಲರ್ ಬಿಚ್ಚಬೇಡಿ. ಅಲ್ಲಿ ಸೊನ್ನೆ ಹತ್ತಿರ ಬರಬೇಕು, 0.1, ಹೆಚ್ಚೆಂದ್ರೆ 0.2. ಅದಕ್ಕಿಂತ ಜಾಸ್ತಿ ಬಂದ್ರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗೋ ದಾರೀಲಿ ಎಲ್ಲೋ ತಡೆ ಅದೆ. ಲೈಟ್ ಬಂದ್ ಮಾಡಿ ಓಮ್ಸಲ್ಲಿ (ತಡೆ ಅಳೆಯೋ ರೇಂಜಲ್ಲಿ) ನೋಡಿದ್ರೆ ಸಿಗೂದಿಲ್ಲ, ಮಲ್ಟಿಮೀಟರಿಗೆ ಒಂದು ಎಳೆ ತಂತಿ ತಾಗಿದ್ರೂ ಎಲ್ಲ ಸರಿ ಅಂತ ತೋರಿಸ್ತದೆ, ಕರೆಂಟ್ ಹರಿಯಬೇಕಾದ್ರೆ ಮಾತ್ರ ಬಣ್ಣ ಬಯಲಾಗೂದು. ಆಮೇಲೆ ಹಂಗೇ ಪ್ಲಸ್ ಕಡೆ, ಒಂದು ಕಡ್ಡಿ ಬ್ಯಾಟರಿ ಪ್ಲಸ್ಸಿಗೆ ಇನ್ನೊಂದು ಬಲ್ಬಿನ ಡಿಮ್ ಪಿನ್ನಿಗೆ, ಅಲ್ಲಿ ಅರ್ಧ ವೋಲ್ಟಿನ ಒಳಗೆ ಇದ್ರೆ ಪರವಾಗಿಲ್ಲ.

ಒಂದು ಎಚ್ಚರ, ಜಪಾನ್ ಮೂಲದ ಕೆಲವು ಗಾಡೀಲಿ ಸ್ವಿಚ್ಚು ಅರ್ಥ್ ಕಡೆ ಇರ್ತದೆ, ಕಪ್ಲರಿಗೆ ಪ್ಲಸ್ ಸದಾ ಬರ್ತಾ ಇರ್ತದೆ. ಅಂಥದ್ದಾದ್ರೆ ಮೈನಸ್ ಕಡೆ ಬರೋ ನಂಬರಲ್ಲಿ ಸ್ವಿಚ್ಚಿನ ನಷ್ಟವೂ ಸೇರ್ತದೆ, ಆಗ ಕೆಂಪು ಕಡ್ಡೀನ ಅರ್ಥ್ ಬೋಲ್ಟಿಗೇ ಇಟ್ಟು ಬೇರೆ ನೋಡ್ಬೇಕು.

ನಂಬರ್ ತಗೊಂಡು ಇಲ್ಲಿ ಹಾಕಿ, ಅಲ್ಲಿ ತನಕ ಡೈನಮೋಗೆ ಒಂದು ರೂಪಾಯಿ ಕೊಡಬೇಡಿ, ರಾತ್ರಿ ಘಾಟೂ ಇಳೀಬೇಡಿ.

ಸೋಗೆಮನೆ, ಯಲ್ಲಾಪುರ

ಅಣ್ಣ, ಹೆಡ್‌ಲೈಟ್ ಹಿಂದೆ ವೈರು ಇಲಿ ಕಡಿದಿದ್ಯಾ ಅಂತ ಮೊದಲು ನೋಡಿ. ನಮ್ಮನೆ ಗಾಡಿ ಕೊಟ್ಟಿಗೆ ಪಕ್ಕದ ಶೆಡ್ಡಲ್ಲಿ ನಿಲ್ಲಿಸೂದು, ಮಳೆಗಾಲದಲ್ಲಿ ಎಂಜಿನ್ ಬೆಚ್ಚಗಿರ್ತದಲ್ಲ, ಇಲಿ ಬಂದು ಒಳಗೇ ಗೂಡು ಮಾಡಿತ್ತು, ಅಡಿಕೆ ಸಿಪ್ಪೆ ಎಲ್ಲ ತಂದು ತುಂಬಿತ್ತು. ಬಲಗಡೆ ಲೈಟಿನ ವೈರಲ್ಲಿ ಪ್ಲಾಸ್ಟಿಕ್ ಪೂರ್ತಿ ತಿಂದು ತಾಮ್ರ ಕಾಣ್ತಾ ಇತ್ತು. ಅರಬೈಲ್ ಘಾಟಲ್ಲಿ ಫ್ಯೂಸ್ ಹೋಗಿ ಲೈಟೇ ಇಲ್ಲ, ನಮ್ಮೆಜಮಾನ್ರು ಫೋನ್ ಟಾರ್ಚ್ ಹಿಡ್ಕೊಂಡು ಮುಂದೆ ನಡ್ಕೊಂಡು ಹೋದ್ರು ಗಾಡಿ ಬದಿಗೆ ಹಾಕೋ ಜಾಗ ಸಿಗೋ ತನಕ. ಆಮೇಲೆ ಯಾರೋ ಫ್ಯೂಸ್ ಜಾಗದಲ್ಲಿ ತಂತಿ ಸುತ್ತಿಕೊಡ್ತೇನೆ ಅಂದ್ರು, ನಾವು ಒಪ್ಪಲಿಲ್ಲ.

ಕೋಡಿಬಾಗ ವೈರಿಂಗ್, ಕಾರವಾರ

ತುಂಬ ಒಳ್ಳೇದು ಮಾಡಿದ್ರಿ ತಂಗಿ. ಫ್ಯೂಸ್ ಜಾಗಕ್ಕೆ ತಂತಿ ಹಾಕಿದ್ರೆ ಆಮೇಲೆ ಫ್ಯೂಸಿನ ಬದಲು ವೈರಿಂಗೇ ಉರೀತದೆ.

ತೋಟದದಾರಿ, ಶಿರಸಿ

ಮೀಟರ್ ತಂದೆ. ಭಾನುವಾರ ಮಧ್ಯಾಹ್ನ ಮಳೇಲೇ ಶೆಡ್ಡಲ್ಲಿ ಕೂತು ಮಾಡ್ದೆ, ಅಪ್ಪಯ್ಯ ಟಾರ್ಚ್ ಹಿಡಿದ್ರು. ಇಲಿ ಕಡಿದದ್ದು ಎಲ್ಲೂ ಕಾಣ್ಲಿಲ್ಲ. ನಂಬರ್ ಹೀಗೆ: ಎಂಜಿನ್ ಬಂದ್ ಇದ್ದಾಗ 12.5. ಚಾಲೂ ಮಾಡಿದ್ರೆ 14.1. ಎಲ್ಲ ಲೋಡ್ ಹಾಕಿದ್ರೆ 13.7. ಬಲ್ಬ್ ಕಪ್ಲರಲ್ಲಿ ಪ್ಲಸ್ ಮೈನಸ್ ಮಧ್ಯೆ 10.9 ಮಾತ್ರ!! ಮೈನಸ್ ಕಡೆ ನಷ್ಟ 2.1, ಪ್ಲಸ್ ಕಡೆ 0.7. ಮೈನಸ್ ಕಡೆದು ನಿಲ್ಲೂದೂ ಇಲ್ಲ, ಬಾನೆಟ್ ಹತ್ರ ಕೈಯಲ್ಲಿ ಕುಟ್ಟಿದ್ರೆ 2.1 ಇದ್ದದ್ದು 5-6ಕ್ಕೆ ಹಾರ್ತದೆ, ಲೈಟ್ ಮಂಕಾಗ್ತದೆ. ಫಾಗ್ ಲ್ಯಾಂಪ್ ಬಂದ್ ಮಾಡಿದ್ರೆ 2.1 ಇಳಿದು 1.1ರ ಹತ್ರ ಬರ್ತದೆ. ಇದು ಎಂತದು?

ಡೈನಮೋದ ಕಾರ್ಬನ್ ಬ್ರಷ್ ನೋಡ್ಬೇಕಾ? ಮೀಟರ್ ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಗೆ ಹಿಡಿದ್ರೆ 29 ಅಂತ ತೋರಿಸ್ತು, ಅದಕ್ಕೆ ಹೆದರಿಕೆ ಆಯ್ತು.

ಕೋಡಿಬಾಗ ವೈರಿಂಗ್, ಕಾರವಾರ

ಸಿಕ್ತು ನೋಡಿ! ನಂಬರ್ ಕೂಡಿಸಿ, 10.9, 2.1, 0.7 ಸೇರಿ 13.7, ಪೂರ್ತಿ ಲೆಕ್ಕಕ್ಕೆ ಸಿಕ್ತು. ಡೈನಮೋ ಗಟ್ಟಿಯಾಗಿ ಅದೆ. ಎಸಿಯ 29 ಬಿಟ್ಟುಬಿಡಿ, ಅಗ್ಗದ ಮೀಟರ್ ಕೆಲವು ಎಸಿ ರೇಂಜಲ್ಲಿ ಡಿಸಿಯನ್ನೂ ಎರಡು ಪಟ್ಟು ಮಾಡಿ ತೋರಿಸ್ತವೆ, ಕಡ್ಡಿ ಅದಲು ಬದಲು ಮಾಡಿ ಹಿಡೀರಿ, ಸೊನ್ನೆ ಬಂದ್ರೆ ಅದು ಮೀಟರಿನ ದೋಷ. ಡಯೋಡ್ ಹೋದ ಡೈನಮೋ ಆದ್ರೆ ಲೈಟು ಎಂಜಿನ್ ರೇಸಿನ ಜೊತೆಗೇ ಬೇಗ ಬೇಗ ನಡುಗ್ತದೆ, ಕೆಲವು ಸಲ ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸೆಲ್ಫ್ ಎತ್ತೂದಿಲ್ಲ. ನಿಮಗೆ ಎರಡೂ ಇಲ್ಲ.

ಫಾಗ್ ಲ್ಯಾಂಪ್ ಬಂದ್ ಮಾಡಿದ್ರೆ ನಷ್ಟ ಅರ್ಧ ಆಗ್ತದೆ ಅಂದ್ರೆ, ಅದನ್ನ ಹಾಕಿದವರು ಅದರ ಅರ್ಥ್ ತಂತೀನ ಹೆಡ್‌ಲೈಟಿನ ಅರ್ಥ್ ಬೋಲ್ಟಿಗೇ ಸೇರಿಸಿದ್ದಾರೆ. ಹೆಡ್‌ಲೈಟ್ ಎರಡು, ಫಾಗ್ ಲ್ಯಾಂಪ್ ಎರಡು, 55 ವ್ಯಾಟಿನವು ನಾಲ್ಕು ಅಂತ ಇಟ್ಕೊಂಡ್ರೆ ಒಟ್ಟು 17-18 ಆಂಪಿಯರ್ ಆ ಒಂದು ಬೋಲ್ಟಲ್ಲೇ ವಾಪಸ್ ಹೋಗ್ಬೇಕು. 2.1 ವೋಲ್ಟ್ ಅಲ್ಲೇ ಕಳೀತಾ ಅದೆ ಅಂದ್ರೆ ಹತ್ರ ಹತ್ರ 35 ವ್ಯಾಟ್ ಬಿಸಿ ಆ ಜಾಗದಲ್ಲಿ, ಸಣ್ಣ ಸೋಲ್ಡರಿಂಗ್ ಐರನ್ ಒಂದನ್ನ ಅಲ್ಲಿ ಇಟ್ಟ ಹಾಗೆ. ಬಿಸಿ ಆದಷ್ಟೂ ತುಕ್ಕು ಜಾಸ್ತಿ, ತುಕ್ಕು ಆದಷ್ಟೂ ಬಿಸಿ ಜಾಸ್ತಿ.

ಬೆಳಕಿನ ಲೆಕ್ಕ ಕೇಳಿ. ಹ್ಯಾಲೊಜೆನಲ್ಲಿ ವೋಲ್ಟೇಜ್ 10 ಪರ್ಸೆಂಟ್ ಇಳಿದ್ರೆ ಬೆಳಕು 30 ಪರ್ಸೆಂಟ್ ಇಳೀತದೆ. ನಿಮ್ಮ ಬಲ್ಬಿಗೆ 13ರ ಮೇಲೆ ಸಿಗಬೇಕಾದದ್ದು 10.9 ಸಿಗ್ತಾ ಇತ್ತು, ಅಂದ್ರೆ ಮಿಣುಕದೆ ಇದ್ದಾಗ್ಲೂ ನೀವು ಓಡಿಸ್ತಾ ಇದ್ದದ್ದು ಅರ್ಧ ಬೆಳಕಲ್ಲಿ. ಬೆಳಕು ಸಾಲೂದಿಲ್ಲ ಅಂತ 100/90 ಹಾಕಿಸಿದ್ದು ಇದಕ್ಕೇ ಇರಬೇಕು ನೋಡಿ, ಫಾಗ್ ಲ್ಯಾಂಪೂ ಇದಕ್ಕೇ.

ಈಗ ಕೆಲಸ. ಮೊದಲು ಎಂಜಿನ್ ಬಂದ್ ಮಾಡಿ, ಆಮೇಲೆ ಬ್ಯಾಟರಿ ಮೈನಸ್ ತೆಗೀರಿ. ಅರ್ಥ್ ಬೋಲ್ಟು ಸಾಮಾನ್ಯ ಬ್ಯಾಟರಿ ತಟ್ಟೆ ಕೆಳಗೋ ಹೆಡ್‌ಲೈಟ್ ಹಿಂದಿನ ಪಟ್ಟಿ ಮೇಲೋ ಇರ್ತದೆ, 10 ನಂಬರ್ ಸ್ಪ್ಯಾನರ್ ಸಾಕು. ಬಿಚ್ಚಿ ಲಗ್ಗು (ವೈರಿನ ತುದಿಯ ಲೋಹದ ಬಳೆ), ಬೋಲ್ಟು, ಬಾಡಿ ಮೂರನ್ನೂ ಸ್ಯಾಂಡ್ ಪೇಪರಲ್ಲಿ ಬೆಳ್ಳಿ ಹಾಗೆ ಹೊಳೆಯೋ ತನಕ ಉಜ್ಜಿ, ಬಾಡಿ ಮೇಲೆ ಪೇಂಟ್ ಇದ್ರೆ ಅದನ್ನೂ ತೆಗೀರಿ. ಲಗ್ಗಿನ ಕುತ್ತಿಗೆ ಹತ್ರ ತಾಮ್ರ ಕಪ್ಪೋ ಹಸಿರೋ ಆಗಿದ್ರೆ ಉಜ್ಜಿ ಪ್ರಯೋಜನ ಇಲ್ಲ, ಕತ್ತರಿಸಿ ಹೊಸ ಲಗ್ಗು ಒತ್ತಿಸಿ. ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಹಚ್ಚಿ, ಮೊದಲೇ ಅಲ್ಲ. ಫಾಗ್ ಲ್ಯಾಂಪಿಗೆ ಬೇರೆ ಬೋಲ್ಟು, ಬೇರೆ ಫ್ಯೂಸು, ಬೇರೆ ರಿಲೇ. ವೈರು ತಿರುಚಿ ಇನ್ಸುಲೇಷನ್ ಟೇಪು ಸುತ್ತಿದ ಜಾಯಿಂಟ್ ಎಲ್ಲಿ ಕಂಡ್ರೂ ಬಿಚ್ಚಿ, ಬೆಸುಗೆ ಹಾಕಿ ಸ್ಲೀವ್ ಏರಿಸಿ, ಟೇಪು ನಮ್ಮ ಮಳೇಲಿ ನೀರು ಹಿಡಿದಿಡೋ ಚೀಲ ಆಗ್ತದೆ.

ಪ್ಲಸ್ ಕಡೆ 0.7 ಕೂಡ ಸ್ವಲ್ಪ ಜಾಸ್ತಿ. 100/90 ಹಾಕಿದ ಗಾಡಿ ಅಲ್ವಾ, ಆ ಬಿಸಿಗೆ ಕಪ್ಲರ್ ಸುಟ್ಟಿರಬಹುದು, ಬಿಚ್ಚಿ ಒಳಗೆ ನೋಡಿ.

ತೋಟದದಾರಿ, ಶಿರಸಿ

ನೀವು ಹೇಳಿದ್ದು ಅಕ್ಷರಶಃ ಹಂಗೇ ಇತ್ತು. ಬೋಲ್ಟು ಬ್ಯಾಟರಿ ತಟ್ಟೆ ಅಡಿಗೆ, ಬಿಳಿ ಹಸಿರು ಪುಡಿ ಕೂತಿತ್ತು, ಹಳೇ ಬ್ಯಾಟರಿ ಆಸಿಡ್ ಸೋರಿ ಅಲ್ಲಿ ತನಕ ಬಂದಿರಬೇಕು, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದೆ. ಒಂದೇ ಬೋಲ್ಟಿಗೆ ಮೂರು ಲಗ್ಗು, ಮೇಲಿನದ್ದು ಫಾಗ್ ಲ್ಯಾಂಪಿಂದು, ಅದರ ಅಡಿ ಪೇಂಟೂ ಕೆರೆದಿರ್ಲಿಲ್ಲ. ಹೆಡ್‌ಲೈಟ್ ಲಗ್ಗು ಕೈಯಲ್ಲಿ ಎಳೆದ್ರೆ ನಾಲ್ಕೈದು ಎಳೆ ತಂತೀಲಿ ನೇತಾಡ್ತಾ ಇತ್ತು. ಎಡಗಡೆ ಕಪ್ಲರ್ ಒಳಗೆ ಕಂದು ಬಣ್ಣಕ್ಕೆ ಸುಟ್ಟು ಒಂದು ಪಿನ್ ಸಡಿಲ ಆಗಿತ್ತು, ಎರಡಕ್ಕೂ ಹೊಸ ಕಪ್ಲರ್ ಹಾಕಿಸ್ದೆ, ಸೆರಾಮಿಕ್ ಸಿಕ್ತು.

ಈಗ ಲೋಡ್ ಹಾಕಿದ್ರೆ ಮೈನಸ್ ಕಡೆ 0.05, ಪ್ಲಸ್ ಕಡೆ 0.4, ಬಲ್ಬಲ್ಲಿ 13.2 ಚಿಲ್ಲರೆ. ಮಲ್ಟಿಮೀಟರ್ ಬಿಟ್ರೆ ಒಟ್ಟು ಖರ್ಚು ಆರು ನೂರ ಐವತ್ತು. ಕಡ್ಡಿ ಅದಲು ಬದಲು ಮಾಡಿದೆ, ಎಸಿ ಸೊನ್ನೆಯೇ ಬಂತು.

ನಿನ್ನೆ ಕತ್ತಲಾದ ಮೇಲೆ ಮಳೇಲೇ ಬಂಡಲ ತನಕ ಹೋಗಿ ಬಂದೆ, ಹೊಂಡ ಹುಡುಕಿ ಹುಡುಕಿ ಇಳಿಸ್ದೆ, ಒಂದು ಸಲವೂ ಮಿಣುಕ್ಲಿಲ್ಲ. ರಸ್ತೆ ಬದಿ ಬಿಳಿ ಗೆರೆ ಅಷ್ಟು ದೂರದ ತನಕ ಕಾಣೂದನ್ನ ಈ ಗಾಡೀಲಿ ನೋಡಿದ್ದು ನೆನಪೇ ಇಲ್ಲ. ತಂಗಿ ಚೌತಿಗೆ ಬರ್ತಾಳೆ, ಸ್ಟೇಷನ್ನಿಂದ ಕರ್ಕೊಂಡು ಬರೋಕೆ ನಾನೇ ಹೋಗ್ತೇನೆ ಅಂತ ಫೋನ್ ಮಾಡಿ ಹೇಳ್ದೆ. ನಿಮ್ಮ ಉಪಕಾರ ಮರೆಯೂದಿಲ್ಲ ಅಣ್ಣ.

ಅಘನಾಶಿನಿ ದಂಡೆ, ಕುಮಟಾ

ನಾನೂ ಇವತ್ತು ನನ್ನ ಗಾಡಿ ಮೈನಸ್ ಕಡೆ ಅಳೆದೆ, 1.4 ಬಂತು. ಎಲ್‌ಇಡಿ ಹಾಕಿಯೂ ಇಷ್ಟು ಅಂದ್ರೆ ಹ್ಯಾಲೊಜೆನ್ ಇದ್ದಾಗ ಎಷ್ಟಿತ್ತೋ. ಟರ್ಮಿನಲ್ ತೆಗೆಯೋ ಮಾತು ವಾಪಸ್ ತಗೊಂಡೆ, ಗೊತ್ತಿಲ್ಲದೆ ಹೇಳಿದ್ದು. ಬೋಲ್ಟ್ ಎಲ್ಲಿದೆ ಅಂತ ಸಿಗ್ತಾ ಇಲ್ಲ, ಡೀಸೆಲ್ ಗಾಡಿ.

ಕೋಡಿಬಾಗ ವೈರಿಂಗ್, ಕಾರವಾರ

ಹೆಡ್‌ಲೈಟ್ ಕಪ್ಲರಿಂದ ಕಪ್ಪು ವೈರ್ ಹಿಡ್ಕೊಂಡೇ ಹೋಗಿ, ಅದೇ ಕರ್ಕೊಂಡು ಹೋಗ್ತದೆ. ಬ್ಯಾಟರಿ ಮೈನಸ್ಸಿಂದ ಗೇರ್‌ಬಾಕ್ಸಿಗೆ ಹೋಗೋ ದಪ್ಪ ಪಟ್ಟಿಯನ್ನೂ ನೋಡಿ, ಸಮುದ್ರದ ಬದಿ ಗಾಡಿಗೆ ಅದು ಹೊರಗೆ ಚೆನ್ನಾಗಿ ಕಂಡು ಒಳಗೆ ಪುಡಿ ಆಗಿರ್ತದೆ. ಫೋಟೋ ತೆಗೆದು ಹಾಕಿ, ಹೇಳ್ತೇನೆ.