ಕನೂ ದೋಣಿಯ ಎಪಾಕ್ಸಿ ಮೇಣದಂತೆ ಜಾರುತ್ತಿದೆ, ಕೆಲವು ಕಡೆ ಇನ್ನೂ ಅಂಟು ಅಂಟು: ಎರಡನೇ ಕೋಟ್ ಹಾಕಬಹುದಾ?

ಕೆಲಗೇರಿ ದಂಡೆ (ಧಾರವಾಡ):

ಎಲ್ಲರಿಗೂ ನಮಸ್ಕಾರ. ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ಎಂಟು ತಿಂಗಳಿಂದ 15 ಅಡಿಯ ಕನೂ ದೋಣಿ ಕಟ್ಟುತ್ತಿದ್ದೇನೆ. ಪಟ್ಟಿ ಜೋಡಿಸಿ ಕಟ್ಟುವ ರೀತಿ. ಒಂದೊಂದು ಅಡಿಗೆ ಒಂದು ಪ್ಲೈವುಡ್ ಅಚ್ಚು ನಿಲ್ಲಿಸಿ, ಅದರ ಮೇಲೆ 6 ಮಿ.ಮೀ. ದಪ್ಪ, 20 ಮಿ.ಮೀ. ಅಗಲದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸಿದ್ದೇನೆ. ಮರ ಹೆಬ್ಬೇವು. ಹಗುರ ಇದೆ, ಚೆನ್ನಾಗಿ ಬಾಗುತ್ತದೆ ಅಂತ ಅದನ್ನೇ ಆರಿಸಿಕೊಂಡೆ. ಇಲ್ಲಿಯವರೆಗೆ ಎಲ್ಲಾ ಸರಿಯಾಗಿಯೇ ಹೋಗಿತ್ತು.

ಹೋದ ಶನಿವಾರ ಹೊರಮೈಗೆ ಗ್ಲಾಸ್ ಬಟ್ಟೆ (ಗಾಜಿನ ಎಳೆಯಿಂದ ನೇಯ್ದದ್ದು) ಹೊದಿಸಿ ಎಪಾಕ್ಸಿ ಹಾಕಿದೆ. ಎಪಾಕ್ಸಿ ಅಂದರೆ ರೆಸಿನ್, ಹಾರ್ಡನರ್ ಅನ್ನುವ ಎರಡು ದ್ರವ ಕಲಸಿದಾಗ ಗಟ್ಟಿಯಾಗುವ ಅಂಟು. ಬಟ್ಟೆ 6 ಔನ್ಸಿನದು, ಅಂದರೆ ಚದರ ಮೀಟರಿಗೆ ಸುಮಾರು 200 ಗ್ರಾಂ. ಇವತ್ತಿಗೆ ಆರು ದಿನ ಆಯಿತು. ಮೂರು ತೊಂದರೆ ಕಾಣುತ್ತಿವೆ. ಇಡೀ ಮೈ ಮೇಣ ಸವರಿದ ಹಾಗೆ ಜಾರುತ್ತದೆ. ನಾಲ್ಕೈದು ಕಡೆ ಅಂಗೈಯಷ್ಟು ಜಾಗ ಇನ್ನೂ ಅಂಟು ಅಂಟಾಗಿಯೇ ಇದೆ, ಹೆಬ್ಬೆರಳು ಒತ್ತಿದರೆ ಗುರುತು ಬೀಳುತ್ತದೆ. ಮತ್ತೆ ಬಟ್ಟೆಯೊಳಗೆ ಸಾಸಿವೆ ಕಾಳಿನಂಥ ಗುಳ್ಳೆಗಳು, ಒಂದು ಬದಿಯಲ್ಲಿ ಜಾಸ್ತಿ.

ಅಂಗಡಿಯವರನ್ನು ಕೇಳಿದೆ. "ಮೇಲೊಂದು ಕೋಟ್ ಹೊಡೀರಿ, ಎಲ್ಲಾ ಮುಚ್ಚಿ ಹೋಗ್ತದ" ಅಂದರು. ಕೈ ಬರುತ್ತಿಲ್ಲ. ದಸರೆಗೆ ನೀರಿಗಿಳಿಸುತ್ತೇನೆ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೇನೆ. ಏನು ಮಾಡಲಿ?

ಗದಗಿನ ಗಾಳಿ:

ಅಣ್ಣಾ, ನನ್ನ ಟೇಬಲ್ಲಿಗೆ ಎಪಾಕ್ಸಿ ಹಾಕಿದಾಗಲೂ ಹೀಗೇ ಜಿಡ್ಡು ಬಂದಿತ್ತು. ಥಿನ್ನರ್ ಹಾಕಿ ಒರೆಸಿದೆ, ಆಮೇಲೆ ಪಾಲಿಶ್ ಪೇಪರಿನಿಂದ ತಿಕ್ಕಿ ಮತ್ತೊಂದು ಕೋಟ್ ಹಾಕಿದೆ. ನಿಮ್ಮ ಧಾರವಾಡದ ಮಳೆಯಲ್ಲಿ ಒಣಗುವುದೇ ಕಷ್ಟ, ಅಲ್ವಾ? ನಮ್ಮಲ್ಲಿ ಇಷ್ಟು ಥಂಡಿ ಇರುವುದಿಲ್ಲ.

ರಾಳದ ಕೆಲಸ (ಹುಬ್ಬಳ್ಳಿ):

ದಯವಿಟ್ಟು ಎರಡನೇ ಕೋಟ್ ಈಗ ಹಾಕಬೇಡಿ. ಥಿನ್ನರನ್ನೂ ಮುಟ್ಟಬೇಡಿ. ನಾನು ಹನ್ನೆರಡು ವರ್ಷದಿಂದ ಗ್ಲಾಸ್ ಫೈಬರ್ ಕೆಲಸ ಮಾಡುತ್ತಿದ್ದೇನೆ. ನೀವು ಹೇಳಿದ ಮೂರು ತೊಂದರೆಗಳು ಒಂದೇ ಕಾಯಿಲೆ ಅಲ್ಲ. ಎಲ್ಲಕ್ಕೂ ಒಂದೇ ಔಷಧ ಹಚ್ಚಿದರೆ ಕೆಟ್ಟದ್ದು ಒಳಗೇ ಉಳಿಯುತ್ತದೆ.

ಮೇಣದಂಥ ಪದರು ಹೆಚ್ಚಾಗಿ ಹಾರ್ಡನರಿನಿಂದ ಬರುತ್ತದೆ. ಅದರಲ್ಲಿ ಅಮೈನ್ ಅನ್ನುವ ರಾಸಾಯನಿಕ ಇರುತ್ತದೆ. ರೆಸಿನ್ ಜೊತೆ ಪೂರ್ತಿ ಕೂಡುವ ಮೊದಲೇ ಅದು ಗಾಳಿಯ ತೇವ ಮತ್ತು ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿದರೆ ಮೇಲೆ ಹೀಗೆ ಪದರು ಕಟ್ಟುತ್ತದೆ. ಅದರ ಕೆಳಗಿನ ಎಪಾಕ್ಸಿ ಗಟ್ಟಿಯಾಗಿಯೇ ಇರುತ್ತದೆ, ಹೆದರಬೇಡಿ. ಆದರೆ ಪದರು ತೆಗೆಯದೆ ಮೇಲೆ ಹಾಕಿದ ಕೋಟ್ ಹಿಡಿಯುವುದಿಲ್ಲ. ಆರು ತಿಂಗಳಿಗೆ ಚಕ್ಕೆ ಏಳುತ್ತದೆ.

ಈ ಪದರು ನೀರಿನಲ್ಲಿ ಕರಗುತ್ತದೆ, ಥಿನ್ನರಿನಲ್ಲಿ ಅಲ್ಲ. ಗದಗಿನ ಅಣ್ಣಾರೆ, ನೀವು ಥಿನ್ನರಿನಿಂದ ಒರೆಸಿದಾಗ ಅದು ಹೋಗಲಿಲ್ಲ, ಇಡೀ ಟೇಬಲ್ಲಿಗೆ ತೆಳ್ಳಗೆ ಹರಡಿತು ಅಷ್ಟೇ. ತಿಕ್ಕಿ ತೆಗೆಯುತ್ತೇನೆ ಅಂದರೆ ಪೇಪರಿನ ಹಲ್ಲೆಲ್ಲಾ ಮೇಣದಿಂದ ಕಟ್ಟಿ ಹೋಗುತ್ತದೆ. ಮೊದಲು ತೊಳೆಯಬೇಕು, ಆಮೇಲೆ ತಿಕ್ಕಬೇಕು.

ಎರಡು ಪರೀಕ್ಷೆ ಮಾಡಿ ನೋಡಿ. ಗಟ್ಟಿಯಾದ ಕಡೆ ಒಂದು ಗೇಣು ಜಾಗವನ್ನು ಬೆಚ್ಚಗಿನ ನೀರು, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನಿಂದ ಉಜ್ಜಿ, ಬಿಳಿ ಬಟ್ಟೆಯಿಂದ ಒರೆಸಿ. ಜಿಡ್ಡು ಹೋಯಿತಾ? ಅಂಟುವ ಜಾಗದಲ್ಲೂ ಹಾಗೇ ಮಾಡಿ, ಆಮೇಲೆ ಉಗುರು ಒತ್ತಿ. ಅಲ್ಲಿ ಇನ್ನೂ ಮೆತ್ತಗಿದ್ದರೆ ಅದು ಬೇರೆಯೇ ಕಥೆ.

ಇಷ್ಟು ತಿಳಿಸಿ: ರೆಸಿನ್-ಹಾರ್ಡನರ್ ಹೇಗೆ ಅಳೆದಿರಿ? ಒಂದು ಸಲಕ್ಕೆ ಎಷ್ಟು ಕಲಸಿದಿರಿ? ಎಷ್ಟು ಗಂಟೆಗೆ ಶುರು ಮಾಡಿದಿರಿ? ಶೆಡ್ಡಿನಲ್ಲಿ ಅವತ್ತು ಬೇರೆ ಏನಾದರೂ ಉರಿಯುತ್ತಿತ್ತಾ?

ವರದಾ ತೀರ (ಹಾವೇರಿ):

ತಮ್ಮಾ, ನಮ್ಮದು ಬಡಿಗತನದ ಮನೆ. ಎಪಾಕ್ಸಿ ನನಗೆ ಅಷ್ಟು ಗೊತ್ತಿಲ್ಲ, ಮರದ ಬಗ್ಗೆ ಕೇಳುತ್ತೇನೆ. ಆ ಹೆಬ್ಬೇವು ಯಾವಾಗ ಕೊಯ್ಸಿದ್ದು? ಹಸಿ ಮರವನ್ನು ಸಾಮಿಲ್ಲಿನಿಂದ ತಂದು ಎರಡು ತಿಂಗಳಿಗೇ ಪಟ್ಟಿ ಮಾಡಿದರೆ ನೀರಿನಂಶ ಒಳಗೇ ಇರುತ್ತದೆ. ಗುಳ್ಳೆಗೆ ಅದೇ ಕಾರಣ ಇರಬಹುದು ಅಂತ ನನ್ನ ಅನುಮಾನ.

ತೇವ ಅಳೆಯುವ ಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ಉಳಿದ ಪಟ್ಟಿಯ ತುಂಡೊಂದನ್ನು ತೂಕ ಮಾಡು. ಮನೆಯ ಓವನ್ನಿನಲ್ಲಿ 105 ಡಿಗ್ರಿಗೆ ಇಡು. ಗಂಟೆಗೊಮ್ಮೆ ತೆಗೆದು ತೂಗು. ತೂಕ ಇಳಿಯುವುದು ನಿಂತಾಗ ಅದೇ ಒಣ ತೂಕ. ಕಡಿಮೆಯಾದ ಗ್ರಾಮನ್ನು ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸು. ಉತ್ತರ 12ಕ್ಕಿಂತ ಕೆಳಗೆ ಬಂದರೆ ಮರದ್ದು ತಪ್ಪಿಲ್ಲ.

ಕೆಲಗೇರಿ ದಂಡೆ:

ಅಕ್ಕಾ, ಕಾಕಾ, ಇಬ್ಬರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿಯೇ ಎಲ್ಲಾ ಮಾಡಿ ನೋಡಿದೆ.

ಮೊದಲು ಮರ. ಹಲಗೆ ಕೊಯ್ಸಿ ಒಂದು ವರ್ಷ ಮೇಲಾಗಿದೆ, ಅಟ್ಟದ ಮೇಲೆ ನಡುವೆ ರೀಪು ಕೊಟ್ಟು ಪೇರಿಸಿದ್ದೆ. ತುಂಡು 52 ಗ್ರಾಂ ಇತ್ತು. ನಾಲ್ಕು ತಾಸಿನ ಮೇಲೆ 47ಕ್ಕೆ ನಿಂತಿತು. 5 ಭಾಗಿಸು 47, ಸುಮಾರು 10.6.

ಗಟ್ಟಿ ಜಾಗದಲ್ಲಿ ನೀರಿನಿಂದ ಉಜ್ಜಿದ ಕೂಡಲೇ ಮೇಣ ಹೋಯಿತು. ಕೆಳಗೆ ಗಾಜಿನ ಹಾಗೆ ಗಟ್ಟಿ ಇದೆ. ಅದನ್ನು ನೋಡಿದಾಗ ಅರ್ಧ ಜೀವ ವಾಪಸ್ ಬಂತು. ಅಂಟುವ ಜಾಗದಲ್ಲಿ ಮಾತ್ರ ಏನೂ ಬದಲಾಗಲಿಲ್ಲ, ಉಗುರು ಇಳಿಯುತ್ತದೆ.

ಅಳತೆ ತೂಕದಲ್ಲಿಯೇ ಮಾಡಿದ್ದು. ಡಬ್ಬಿಯ ಮೇಲೆ 100ಕ್ಕೆ 30 ಅಂತಿತ್ತು. ಒಂದು ಸಲಕ್ಕೆ 200 ಗ್ರಾಂ ರೆಸಿನ್, 60 ಗ್ರಾಂ ಹಾರ್ಡನರ್. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ. ಐಸ್‌ಕ್ರೀಮ್ ಕಡ್ಡಿಯಿಂದ ಒಂದು ನಿಮಿಷ ಕಲಸಿ ಬಟ್ಟೆಯ ಮೇಲೆ ಸುರಿದು ಹರಡಿದೆ. ಮುಂಜಾನೆ ಎಂಟಕ್ಕೆ ಶುರು, ಹನ್ನೊಂದೂವರೆಗೆ ಮುಗೀತು.

ಉರಿಯುವುದು ಅಂದಿರಲ್ಲ, ಹೌದು. ಹೊರಗೆ ಜಿಟಿಜಿಟಿ ಮಳೆ. ಶೆಡ್ ತಣ್ಣಗಿತ್ತು. ಮುಂಜಾನೆ ಏಳಕ್ಕೇ ಇದ್ದಿಲು ಒಲೆ ಹಚ್ಚಿ ಒಂದು ಮೂಲೆಯಲ್ಲಿ ಇಟ್ಟಿದ್ದೆ. ಬೆಚ್ಚಗಿದ್ದರೆ ಬೇಗ ಗಟ್ಟಿಯಾಗುತ್ತದೆ ಅಂತ ಓದಿದ್ದೆ.

ರಾಳದ ಕೆಲಸ (ಹುಬ್ಬಳ್ಳಿ):

ಸಿಕ್ಕಿತು! ಗುಳ್ಳೆ ಜಾಸ್ತಿ ಇರುವ ಬದಿ ಒಲೆಯ ಕಡೆಯದ್ದೇ ಅಲ್ವಾ?

ಬೆಚ್ಚಗಿರಬೇಕು ಅನ್ನುವುದು ನಿಜ. ಆದರೆ ಇದ್ದಿಲು ಉರಿದರೆ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಮಳೆಗಾಲದ ಗಾಳಿಯಲ್ಲಿ ತೇವ ಮೊದಲೇ ತುಂಬಿರುತ್ತದೆ. ಮೇಣ ಕಟ್ಟಲು ಬೇಕಾದ ಎರಡನ್ನೂ ಬಾಗಿಲು ಹಾಕಿದ ಶೆಡ್ಡಿನಲ್ಲಿ ಕೂಡಿಸಿಕೊಟ್ಟ ಹಾಗಾಯಿತು. ಗ್ಯಾಸ್ ಒಲೆ, ಸೀಮೆಎಣ್ಣೆ ಸ್ಟವ್ ಆದರೆ ಇನ್ನೂ ಕೆಟ್ಟದ್ದು, ಅವು ನೀರಿನ ಆವಿಯನ್ನೂ ಬಿಡುತ್ತವೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸುವುದು ಜೀವಕ್ಕೇ ಅಪಾಯ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ವಿಷಗಾಳಿಗೆ ವಾಸನೆ ಇಲ್ಲ, ಗೊತ್ತಾಗುವ ಮೊದಲೇ ಮೈಮರೆವು ಬರುತ್ತದೆ. ಇನ್ನೊಮ್ಮೆ ಖಂಡಿತ ಹಾಗೆ ಮಾಡಬೇಡಿ. ಬೆಚ್ಚಗೆ ಬೇಕಾದರೆ ಕರೆಂಟಿನ ಹೀಟರ್ ಇಡಿ.

ಗುಳ್ಳೆಯೂ ಅದೇ ಒಲೆಯಿಂದ. ಮರದ ಒಳಗೆ ಸಣ್ಣ ಸಣ್ಣ ಕೊಳವೆ ಇರುತ್ತವೆ, ಅದರ ತುಂಬ ಗಾಳಿ. ನೀವು ಎಪಾಕ್ಸಿ ಹಾಕುತ್ತಿದ್ದಾಗ ಶೆಡ್ ಬಿಸಿಯಾಗುತ್ತಾ ಹೋಯಿತು. ಒಳಗಿನ ಗಾಳಿ ಹಿಗ್ಗಿ, ಹಸಿ ಎಪಾಕ್ಸಿಯ ಮೂಲಕ ಹೊರಗೆ ಬಂತು. ಒಲೆಯೇ ಇಲ್ಲದಿದ್ದರೂ, ತಗಡಿನ ಶೆಡ್ಡಿನಲ್ಲಿ ಮುಂಜಾನೆ ಶುರು ಮಾಡಿದರೆ ಬಿಸಿಲು ಏರಿದ ಹಾಗೆ ಇದೇ ಆಗುತ್ತದೆ. ಅದಕ್ಕೇ ನಾವು ಇಂಥ ಕೆಲಸ ಮಧ್ಯಾಹ್ನದ ಮೇಲೆ ಮಾಡುತ್ತೇವೆ. ಮರ ಬಿಸಿಯಾಗಿರುವಾಗ ಹೀಟರ್ ಆರಿಸಿ, ಮೂರು-ನಾಲ್ಕು ಗಂಟೆಗೆ ಎಪಾಕ್ಸಿ ಹಚ್ಚಬೇಕು. ಸಂಜೆ ಮರ ತಣ್ಣಗಾಗುತ್ತಾ ಎಪಾಕ್ಸಿಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಇನ್ನು ಅಂಟುವ ಜಾಗ. ಅಳತೆ ತಪ್ಪಿದ್ದರೆ ಒಂದು ಸಲ ಕಲಸಿದ್ದು ಹರಡಿದ ಜಾಗವೆಲ್ಲಾ ಮೆತ್ತಗಿರಬೇಕಿತ್ತು. ನಿಮಗೆ ಅಂಗೈಯಗಲ, ನಾಲ್ಕೈದು ಕಡೆ. ಕಪ್ಪಿನ ಕೊನೆಯ ಹನಿಯವರೆಗೂ ಬೋರಲು ಹಾಕಿ ಸುರಿದಿರಾ? ಕಪ್ಪಿನ ಗೋಡೆಗೆ, ತಳದ ಮೂಲೆಗೆ ಅಂಟಿಕೊಂಡ ರೆಸಿನ್ ಸರಿಯಾಗಿ ಕಲಸಿರುವುದಿಲ್ಲ. ಅದು ಬಿದ್ದ ಜಾಗ ಎಷ್ಟು ವಾರ ಕಾದರೂ ಗಟ್ಟಿಯಾಗುವುದಿಲ್ಲ.

ಕೆಲಗೇರಿ ದಂಡೆ:

ಒಲೆಯ ಬದಿಯೇ ಅಕ್ಕಾ. ಕಪ್ಪೂ ಹಾಗೇ. ಒಟ್ಟು ಐದು ಕಪ್ ಕಲಸಿದ್ದೆ, ಒಂದೊಂದನ್ನೂ ಬೋರಲು ಹಾಕಿ ಕಡ್ಡಿಯಿಂದ ಕೆರೆದು ಹಾಕಿದೆ. ದುಬಾರಿ ಮಾಲು, ಸುಮ್ನೆ ಹಾಳಾಗಬಾರದು ಅಂತ. ಈಗ ಎಣಿಸಿದೆ, ಅಂಟುವ ಜಾಗಗಳೂ ಐದೇ. ಮೇಲೆ ಬರೀ ಹಾರ್ಡನರ್ ಸವರಿದರೆ ಆಗುತ್ತದಾ?

ರಾಳದ ಕೆಲಸ (ಹುಬ್ಬಳ್ಳಿ):

ಆಗುವುದಿಲ್ಲ. ಹಾರ್ಡನರ್ ಒಳಗೆ ಇಳಿಯುವುದಿಲ್ಲ, ಮೇಲೆ ಇನ್ನೊಂದು ಜಿಡ್ಡು ಆಗುತ್ತದೆ. ಆ ಐದು ಜಾಗ ಬಿಚ್ಚಲೇಬೇಕು. ಅಂಗೈಯಗಲ ತಾನೇ, ಒಂದು ದಿನದ ಕೆಲಸ.

ಮೊದಲು ಇಡೀ ದೋಣಿಯನ್ನು ಬೆಚ್ಚಗಿನ ನೀರಿನಿಂದ ತೊಳೆಯಿರಿ. ನೀರನ್ನು ಪದೇ ಪದೇ ಬದಲಿಸಿ, ಇಲ್ಲದಿದ್ದರೆ ಅದೇ ಮೇಣ ವಾಪಸ್ ಕೂರುತ್ತದೆ. ತಾನೇ ಒಣಗಲಿ ಅಂತ ಬಿಡಬೇಡಿ, ಬಟ್ಟೆಯಿಂದ ಒರೆಸಿಬಿಡಿ. ಮೇಲೆ ಚಿಮುಕಿಸಿದ ನೀರು ಮುತ್ತಾಗಿ ನಿಲ್ಲದೆ ಸಮನಾಗಿ ಹರಡಿಕೊಂಡರೆ ಮೈ ಸ್ವಚ್ಛ ಆಗಿದೆ ಅಂತ ಅರ್ಥ.

ಅಂಟುವ ಜಾಗಕ್ಕೆ ಹೇರ್ ಡ್ರೈಯರಿನಿಂದ ಶಾಖ ಕೊಡಿ, ಎಪಾಕ್ಸಿ ಮೆತ್ತಗಾದಾಗ ಸ್ಕ್ರೇಪರಿನಿಂದ ಕೆರೆಯಿರಿ. ಬಟ್ಟೆಯನ್ನೂ ಬ್ಲೇಡಿನಿಂದ ಕತ್ತರಿಸಿ ತೆಗೆಯಿರಿ, ಕೆಳಗಿನ ಮರ ಕಾಣಬೇಕು. ಉಳಿದ ಜಿಡ್ಡಿಗೆ ಅಸಿಟೋನ್. ಇಲ್ಲಿ ಅದು ಬೇಕು, ಯಾಕೆಂದರೆ ಇದು ಕೂಡದೆ ಉಳಿದ ರೆಸಿನ್, ಮೇಣ ಅಲ್ಲ. ಹೀಟರ್, ಕಿಡಿ ಏನೂ ಹತ್ತಿರ ಇರಬಾರದು, ಡ್ರೈಯರನ್ನೂ ಆರಿಸಿ ದೂರ ಇಡಿ. ಸುತ್ತಲಿನ ಗಟ್ಟಿ ಬಟ್ಟೆಯ ಅಂಚನ್ನು ಎರಡು ಇಂಚು ಇಳಿಜಾರಾಗಿ 80 ನಂಬರಿನ ಪಾಲಿಶ್ ಪೇಪರಿನಿಂದ ತಿಕ್ಕಿ. ಹೊಸ ತುಂಡು ಆ ಎರಡು ಇಂಚಿನ ಮೇಲೂ ಕೂರಬೇಕು.

ಕೈಗೆ ನೈಟ್ರೈಲ್ ಗ್ಲೌಸ್, ಮೂಗಿಗೆ ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ. ಪೂರ್ತಿ ಗಟ್ಟಿಯಾಗದ ಎಪಾಕ್ಸಿಯ ಪುಡಿ ಚರ್ಮಕ್ಕೆ ಅಲರ್ಜಿ ತರುತ್ತದೆ. ಒಮ್ಮೆ ಬಂದರೆ ಜೀವನಪೂರ್ತಿ ಬಿಡುವುದಿಲ್ಲ. ನನ್ನ ಜೊತೆ ಕಲಿತ ಒಬ್ಬರು ಇದರಿಂದಲೇ ಈ ಕೆಲಸ ಬಿಟ್ಟರು. ಕೈಗೆ ತಾಗಿದರೆ ಸೋಪು ನೀರು, ಥಿನ್ನರ್ ಅಲ್ಲ.

ಗುಳ್ಳೆಗಳ ತಲೆ ಹಾರುವಷ್ಟು 120ರ ಪೇಪರಿನಿಂದ ತಿಕ್ಕಿ. ಬಟ್ಟೆಯ ನೇಯ್ಗೆ ಮಾತ್ರ ಕತ್ತರಿಸಬೇಡಿ. ತೆರೆದ ಗುಂಡಿಗಳನ್ನು ಮುಂದಿನ ಕೋಟ್ ತುಂಬುತ್ತದೆ.

ಕಲಸುವಾಗ ಎರಡು ಕಪ್ ಇಟ್ಟುಕೊಳ್ಳಿ. ಒಂದರಲ್ಲಿ ಎರಡು ನಿಮಿಷ, ಗೋಡೆ-ತಳ ಕೆರೆಯುತ್ತಾ ಕಲಸಿ. ಅದನ್ನು ಇನ್ನೊಂದು ಒಣ ಕಪ್ಪಿಗೆ ಸುರಿದು ಮತ್ತೆ ಒಂದು ನಿಮಿಷ ಕಲಸಿ. ಮೊದಲ ಕಪ್ಪಿನಲ್ಲಿ ಉಳಿದದ್ದು ಉಳಿಯಲಿ. ಕಲಸಿದ ಮೇಲೆ ಅಗಲ ಟ್ರೇಗೆ ಹರಡಿ, ಕಪ್ಪಿನಲ್ಲೇ ಬಿಟ್ಟರೆ ತಾನೇ ಕಾವು ಏರಿ ಬೇಗ ಗಟ್ಟಿಯಾಗುತ್ತದೆ.

ಗದಗಿನ ಗಾಳಿ:

ಅಕ್ಕಾ, ಈಗ ನೆನಪಾಯಿತು. ನನ್ನ ಟೇಬಲ್ಲಿನ ಒಂದು ಮೂಲೆ ಹೋದ ವರ್ಷ ಚಕ್ಕೆ ಎದ್ದಿದೆ. ಮೇಲಿನ ಕೋಟ್ ಹಾಳೆಯ ಹಾಗೆ ಬರುತ್ತಿದೆ. ನಾನೂ ಅದನ್ನು ಕೆರೆದು ತೊಳೆದು ಮತ್ತೆ ಮಾಡುತ್ತೇನೆ. ತಪ್ಪು ಸಲಹೆ ಕೊಟ್ಟದ್ದಕ್ಕೆ ಧಾರವಾಡದ ಅಣ್ಣ ಕ್ಷಮಿಸಲಿ.

ಕೆಲಗೇರಿ ದಂಡೆ (ಮೂರು ವಾರದ ಮೇಲೆ):

ಕ್ಷಮೆ ಯಾಕೆ, ನೀವು ಬರೆದದ್ದರಿಂದಲೇ ಥಿನ್ನರ್ ವಿಷಯ ಹೊರಗೆ ಬಂತು.

ದೋಣಿ ಸರಿಯಾಯಿತು. ತೊಳೆಯುವುದಕ್ಕೆ ಎರಡು ಸಂಜೆ ಹಿಡಿಯಿತು, ಒಂಬತ್ತು ಬಕೆಟ್ ನೀರು. ಐದು ತೇಪೆಗಳಲ್ಲಿ ನಾಲ್ಕು ಎಲ್ಲಿವೆ ಅಂತಲೇ ಗೊತ್ತಾಗುವುದಿಲ್ಲ. ತುದಿಯ ಬಾಗಿನಲ್ಲಿರುವ ಒಂದು ಮಾತ್ರ ಓರೆಯಿಂದ ನೋಡಿದರೆ ಕಾಣುತ್ತದೆ. ಅದನ್ನು ಹಾಗೇ ಬಿಟ್ಟಿದ್ದೇನೆ. ಎರಡನೇ ಕೋಟನ್ನು ಮಳೆ ಬಿಡುವು ಕೊಟ್ಟ ದಿನ ನಾಲ್ಕು ಗಂಟೆಗೆ ಹಾಕಿದೆ, ಆರಕ್ಕೆ ಮುಗೀತು. ಒಂದೂ ಗುಳ್ಳೆ ಇಲ್ಲ. ಮರುದಿನ ಬೆರಳು ಆಡಿಸಿದರೆ ಮೇಣವೂ ಇಲ್ಲ. ಹೆಬ್ಬೇವಿನ ಗೆರೆಗಳು ಜೇನುಬಣ್ಣಕ್ಕೆ ತಿರುಗಿವೆ. ಅಪ್ಪ ಬಂದು ಕೈಯಿಟ್ಟು ನೋಡಿ ಸುಮಾರು ಹೊತ್ತು ಅಲ್ಲೇ ನಿಂತಿದ್ದರು.

ಬಿಸಿಲು ತಡೆಯುವ ವಾರ್ನಿಶ್ ಕೊನೆಗೆ ಹಾಕಲೇಬೇಕು ಅಲ್ವಾ ಅಕ್ಕಾ? ಇನ್ನು ಕಾಕಾ, ನಿಮಗೊಂದು ಪ್ರಶ್ನೆ. ಮೇಲಂಚಿನ ಪಟ್ಟಿಗೆ ಸಾಗುವಾನಿ ತಂದಿದ್ದೇನೆ. 20 ಮಿ.ಮೀ. ದಪ್ಪ. ಆದರೆ 16 ಅಡಿ ಉದ್ದದ್ದು ಎಲ್ಲೂ ಸಿಗಲಿಲ್ಲ, ಎಲ್ಲಾ ಎಂಟು-ಒಂಬತ್ತು ಅಡಿಯವು. ಎರಡನ್ನು ಸೇರಿಸಿದರೆ ಬಾಗಿಸುವಾಗ ಜೋಡಣೆ ಬಿಡುತ್ತದಾ?

ರಾಳದ ಕೆಲಸ (ಹುಬ್ಬಳ್ಳಿ):

ಹಾಕಲೇಬೇಕು. ಎಪಾಕ್ಸಿ ಬಿಸಿಲಿಗೆ ಹಳದಿಯಾಗಿ ಪುಡಿ ಪುಡಿಯಾಗುತ್ತದೆ. ಯುವಿ ತಡೆಯುವ ವಾರ್ನಿಶ್ ಮೂರು ಕೈ. ಒಳಮೈಯ ಬಟ್ಟೆ ಮುಗಿದ ಮೇಲೆ ಹಾಕಿದರೆ ಸಾಕು.

ವರದಾ ತೀರ (ಹಾವೇರಿ):

ಬಿಡುವುದಿಲ್ಲ ತಮ್ಮಾ, ತುದಿಗೆ ತುದಿ ನೇರ ಇಟ್ಟು ಅಂಟಿಸಬೇಡ ಅಷ್ಟೇ. ಎರಡೂ ತುದಿಯನ್ನು ಓರೆಯಾಗಿ ಕೀಸಿ ಒಂದರ ಮೇಲೆ ಒಂದು ಕೂರಿಸು. ಓರೆಯ ಉದ್ದ ದಪ್ಪದ ಎಂಟು ಪಟ್ಟು ಬೇಕು. ನಿನ್ನ 20 ಮಿ.ಮೀ.ಗೆ 160 ಮಿ.ಮೀ. ಎರಡು ಪಟ್ಟಿಯನ್ನೂ ಜೊತೆಗೆ ಮೆಟ್ಟಿಲಿನಂತೆ ಹಿಡಿದು ಒಟ್ಟಿಗೇ ಕೀಸಿದರೆ ಓರೆ ಒಂದೇ ಬರುತ್ತದೆ.

ಸಾಗುವಾನಿಯಲ್ಲಿ ಎಣ್ಣೆ ಇದೆ. ಅಂಟು ಹಚ್ಚುವ ಸ್ವಲ್ಪ ಮೊದಲು ಅಸಿಟೋನಿನಿಂದ ಒರೆಸು. ಬಹಳ ಹೊತ್ತು ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಓರೆ ಮುಖ ಅಂಟನ್ನು ಹೀರಿಕೊಳ್ಳುತ್ತದೆ, ಅದಕ್ಕೆ ಮೊದಲು ತೆಳು ಎಪಾಕ್ಸಿ ಕುಡಿಸು, ಹತ್ತು ನಿಮಿಷದ ಮೇಲೆ ಮರದ ಹಿಟ್ಟು ಕಲಸಿದ ಗಟ್ಟಿ ಎಪಾಕ್ಸಿ ಹಚ್ಚು. ಕ್ಲಾಂಪನ್ನು ಜಾಸ್ತಿ ಬಿಗಿಯಬೇಡ, ಅಂಟೆಲ್ಲಾ ಹೊರಗೆ ಹೋಗುತ್ತದೆ. ಜೋಡಣೆ ದೋಣಿಯ ನಡುಭಾಗಕ್ಕೆ ಬರಲಿ, ಅಲ್ಲಿ ಬಾಗು ಕಡಿಮೆ. ಎಡದ್ದು ಬಲದ್ದು ಎದುರುಬದುರಾಗದ ಹಾಗೆ ಒಂದು ಗೇಣು ಹಿಂದೆ ಮುಂದೆ ಇಡು.