ಅಪ್‌ಡೇಟ್: ಅಮ್ಮನ ಬೆನ್ನು ತಿರುವಿಸಲಿಲ್ಲ

ಹೋದ ತಿಂಗಳು ಕೇಳಿದ್ದೆ: ಅಮ್ಮನಿಗೆ 66 ವರ್ಷ, ಬೆನ್ನು ನೋವು. ಇಲ್ಲಿ ದಾವಣಗೆರೆಯಲ್ಲಿ ಒಬ್ಬರು ಆಸ್ಟಿಯೋಪಥಿ (ಕೈಯಿಂದಲೇ ಕೀಲು, ಸ್ನಾಯುಗಳಿಗೆ ಕೊಡುವ ಚಿಕಿತ್ಸೆ) ಮಾಡುತ್ತಾರೆ, ಬೆನ್ನು ತಿರುವಿ 'ಲಟಕ್' ಅನ್ನಿಸಿದರೆ ಸರಿಹೋಗುತ್ತದೆ ಅನ್ನುತ್ತಾರೆ, ಮಾಡಿಸಬಹುದಾ ಅಂತ. 'ಮೊದಲು ಮೂಳೆ ಪರೀಕ್ಷೆ ಮಾಡಿಸಿ' ಅಂದವರಿಗೆಲ್ಲ ಕೈ ಮುಗಿಯುತ್ತೇನೆ.

ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆವು. ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವ ವಯಸ್ಸಿನವರ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ 2.9 ಬಂತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಇಂಥ ಬೆನ್ನನ್ನು ಒಮ್ಮೆಲೇ ಜೋರಾಗಿ ತಿರುವಿದರೆ ಮೂಳೆಯೇ ಮುರಿಯಬಹುದು ಅಂದರು ಡಾಕ್ಟರು. ಕೇಳಿ ನನ್ನ ಕೈಕಾಲು ತಣ್ಣಗಾಯಿತು. ಸದ್ದು ಬಂದರೆ ಮೂಳೆ ಜಾಗಕ್ಕೆ ಕೂತಿತು ಅಂತ ನಾವೆಲ್ಲ ಅಂದುಕೊಂಡಿದ್ದೇವೆ, ಅಲ್ವಾ? ಹಾಗಲ್ಲವಂತೆ. ಅದು ಕೀಲಿನೊಳಗಿನ ದ್ರವದಲ್ಲಿ ಆಗುವ ಗಾಳಿಗುಳ್ಳೆಯ ಸದ್ದು.

ಆಸ್ಟಿಯೋಪಥಿಯಲ್ಲಿ ಮೆಲ್ಲಗಿನ ವಿಧಾನಗಳೂ ಇವೆ. ಒಂದರಲ್ಲಿ ಚಿಕಿತ್ಸೆ ಕೊಡುವವರ ಕೈಗೆ ಎದುರಾಗಿ ರೋಗಿಯೇ ಕೆಲವು ಸೆಕೆಂಡು ಹಗುರವಾಗಿ ಒತ್ತಬೇಕು, ಆಮೇಲೆ ಸಡಿಲ ಬಿಡಬೇಕು. ಡಾಕ್ಟರು ಒಪ್ಪಿದ ಮೇಲೆ ಫಿಸಿಯೋಥೆರಪಿಸ್ಟ್ ಹತ್ತಿರ ಅದನ್ನೇ ಮಾಡಿಸುತ್ತಿದ್ದೇವೆ. ಜೊತೆಗೆ ಮೂಳೆಗೆ ಮಾತ್ರೆ ಶುರುವಾಗಿದೆ.

ನಮ್ಮ ಅಣ್ಣ ಕಟಿಂಗ್ ಶಾಪ್‌ನಲ್ಲಿ ಸುಮ್ನೆ ಕುತ್ತಿಗೆ ತಿರುವಿಸಿಕೊಳ್ಳುತ್ತಿದ್ದ. ಅದನ್ನೂ ಬಿಡಿಸಿದೆ. ಅಪರೂಪಕ್ಕೆ ಕುತ್ತಿಗೆಯ ರಕ್ತನಾಳ ಹರಿದು ಪಾರ್ಶ್ವವಾಯು ಆಗುವುದುಂಟು.

ಇನ್ನೊಂದು ಮಾತು. ಬೆನ್ನು ನೋವಿನ ಜೊತೆ ಕಾಲಲ್ಲಿ ಶಕ್ತಿ ಕಡಿಮೆಯಾದರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಯಾರ ಕೈಲೂ ತಿರುವಿಸಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಅಮ್ಮ ನಿನ್ನೆ ಕೂತು ಆರು ರೊಟ್ಟಿ ತಟ್ಟಿದರು.